ಸಮುದ್ರದ ಹಂದಿಗೆ ಬಾಣಂತನ

ನಾಯಿ ಬೇಡ ಎನ್ನುವುದಕ್ಕೆ ನನ್ನ ಗಂಡ ಕೊಟ್ಟ ಕಾರಣಗಳೆಲ್ಲ ಸರಿಯಾಗಿಯೇ ಇದ್ದವು. ನಮ್ಮದು ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಅವನಿಗೆ ಲಾರಿ ಕಾರ್ಖಾನೆಯಲ್ಲಿ ಕೆಲಸ, ನನಗೆ ಔಷಧ ಕಾರ್ಖಾನೆಯಲ್ಲಿ. ಜನವರಿಯ ಬೆಳಿಗ್ಗೆ, ಸೂರ್ಯನಿಗೇ ಏಳುವ ಮನಸ್ಸಿಲ್ಲದಿರುವಾಗ, ನಾಯಿಯನ್ನು ಹಿಮದಲ್ಲಿ ಉಚ್ಚೆಗೆ ಕರೆದುಕೊಂಡು ಹೋಗುವವರು ಯಾರು? ಒಂಬತ್ತು ವರ್ಷದ ಮಗಳು "ನಾನು" ಎಂದಳು. ನಾವಿಬ್ಬರೂ ನಂಬಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಬುದ್ಧಿವಂತರು ಅನ್ನಿಸಿಕೊಳ್ಳುತ್ತಿದ್ದೆವು. ಆದರೆ ಮಗಳ ಕಣ್ಣಲ್ಲಿ ನೀರು ಕಂಡದ್ದೇ ತಡ, ನನ್ನ ಗಂಡ, "ಗಿನಿ ಪಿಗ್ ತರೋಣ ಬಿಡು. ಚಿಕ್ಕ ಪ್ರಾಣಿ, ಒಂದು ಮೂಲೇಲಿ ಬಿದ್ದಿರುತ್ತೆ. ಏನೂ ಕೆಲಸ ಇರಲ್ಲ," ಎಂದುಬಿಟ್ಟ.

"ಏನೂ ಕೆಲಸ ಇರಲ್ಲ" ಎಂಬ ಮಾತನ್ನು ಗಂಡಸರು ಎಷ್ಟು ನಿರಾಳವಾಗಿ ಹೇಳುತ್ತಾರೆ. ಆ ಕೆಲಸ ಯಾರ ಪಾಲಿಗೆ ಎಂದು ಮನಸ್ಸಿನಲ್ಲಿ ಆಗಲೇ ತೀರ್ಮಾನ ಆಗಿರುತ್ತದಲ್ಲ, ಅದಕ್ಕೇ ಇರಬೇಕು.

ಸ್ವೀಡಿಷ್‌ನಲ್ಲಿ ಈ ಪ್ರಾಣಿಗೆ ಮಾಶ್‌ವೀನ್ ಎನ್ನುತ್ತಾರೆ, ಅಂದರೆ ಸಮುದ್ರದ ಹಂದಿ. ಅದು ಹಂದಿಯಲ್ಲ, ಅದಕ್ಕೂ ಸಮುದ್ರಕ್ಕೂ ಸಂಬಂಧವಿಲ್ಲ, ಒಂದು ಬೋಗುಣಿ ನೀರು ಕಂಡರೂ ಓಡಿಹೋಗುತ್ತದೆ. ನಮಗೆ ಅದನ್ನು ಕೊಟ್ಟಾಕೆ ಊರ ಹೊರಗೆ ಒಂದು ಕೆಂಪು ಮನೆಯಲ್ಲಿದ್ದ ಹೆಂಗಸು. ಕಾಫಿ, ದಾಲ್ಚಿನ್ನಿ ಬನ್ನು ಇಟ್ಟು ಕೂರಿಸಿಕೊಂಡು ನಮ್ಮನ್ನು ಪ್ರಶ್ನೆ ಕೇಳಿದಳು. ಮನೆ ಎಷ್ಟು ದೊಡ್ಡದು, ಗಾಳಿ ಬೀಸುತ್ತದೆಯೇ, ಬೇಸಿಗೆಯಲ್ಲಿ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಮಗಳು ಗಟ್ಟಿಯಾಗಿ ಕಿರುಚುವ ಸ್ವಭಾವದವಳೇ. ನಮಗೆ ವರ್ಕ್ ಪರ್ಮಿಟ್ ಕೊಡುವಾಗಲೂ ಯಾರೂ ಇಷ್ಟು ಕಾಳಜಿಯಿಂದ ವಿಚಾರಿಸಿರಲಿಲ್ಲ.

"ಒಂದು ಸಾಕು ನಮಗೆ," ಎಂದೆ ನಾನು.

ಆಕೆ ಕಪ್ಪು ಕೆಳಗಿಟ್ಟಳು. ಒಂದನ್ನೇ ಸಾಕುವಂತಿಲ್ಲ, ಅವು ಗುಂಪಿನಲ್ಲಿ ಬದುಕುವ ಪ್ರಾಣಿಗಳು, ಒಂಟಿಯಾಗಿಟ್ಟರೆ ಕೊರಗುತ್ತವೆ, ಇಲ್ಲಿ ಅದಕ್ಕೆ ನಿಯಮವೇ ಇದೆ ಎಂದು ಮೆಲ್ಲಗೆ ವಿವರಿಸಿದಳು. ನಾನು ಈ ದೇಶಕ್ಕೆ ಬಂದ ಮೊದಲ ನವೆಂಬರಿನಲ್ಲಿ ಮೂರು ವಾರ ಗಂಡನನ್ನೂ ಅಂಗಡಿಯ ಹುಡುಗಿಯನ್ನೂ ಬಿಟ್ಟು ಇನ್ನೊಬ್ಬರ ಜೊತೆ ಮಾತಾಡಿರಲಿಲ್ಲ. ಆಗ ಯಾವ ನಿಯಮವೂ ನೆರವಿಗೆ ಬಂದಿರಲಿಲ್ಲ. ಇರಲಿ. ಅಕ್ಕತಂಗಿಯರು ಎಂದು ಆಕೆ ಹೇಳಿದ ಎರಡನ್ನು, ಒಂದು ಬಿಳಿ, ಒಂದು ಕಂದು, ಏಪ್ರಿಲ್ಲಿನ ಒಂದು ಭಾನುವಾರ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ಬಂದೆವು. ಮಗಳು ವಾರಕ್ಕೊಂದು ಹೆಸರಿಡುತ್ತಿದ್ದದ್ದರಿಂದ ನಾವು ಇವತ್ತಿಗೂ ಬಿಳಿಯದು, ಕಂದು ಎಂದೇ ಕರೆಯುತ್ತೇವೆ.

ಮೊದಲ ವಾರದಲ್ಲೇ ತಿಳಿದದ್ದು ಇಷ್ಟು. ಗಿನಿ ಪಿಗ್ ತಿನ್ನುತ್ತದೆ, ಹಿಕ್ಕೆ ಹಾಕುತ್ತದೆ, ಸಮಯ ಉಳಿಸುವುದಕ್ಕೆ ಎರಡನ್ನೂ ಒಟ್ಟಿಗೇ ಮಾಡುತ್ತದೆ. ಹಗಲೂ ರಾತ್ರಿ ಒಣಹುಲ್ಲು ಬೇಕು. ಹುಲ್ಲಿನ ಮೂಟೆಗೆ ನಮ್ಮ ಚಳಿಗಾಲದ ಕೋಟುಗಳ ಕಪಾಟು ಬಿಟ್ಟುಕೊಟ್ಟೆವು. ಜಗತ್ತಿನ ಪ್ರತಿಯೊಂದಕ್ಕೂ ಅದು ಹೆದರುತ್ತದೆ: ಸೀನು, ಕುಕ್ಕರಿನ ವಿಷಲ್, ಮಡಿಸಿದ ಟವೆಲ್ಲು, ನಾವು. ಮಡಿಲಲ್ಲಿ ಮುದ್ದಾಗಿ ಮಲಗುತ್ತದೆ ಎಂದು ಮಗಳು ಕನಸು ಕಂಡಿದ್ದಳು. ಎತ್ತಿಕೊಂಡರೆ ಅದು ವೀಸಾ ಸಂದರ್ಶನಕ್ಕೆ ಕೂತವರ ಹಾಗೆ ಮೈ ಬಿಗಿಹಿಡಿದು, ಕಣ್ಣು ಮಿಟುಕಿಸದೆ, ಮುಗಿಯುವುದನ್ನೇ ಕಾಯುತ್ತಿತ್ತು. ಫ್ರಿಜ್ಜಿನ ಬಾಗಿಲು ತೆರೆದರೆ ಮಾತ್ರ ಎಲ್ಲಿಲ್ಲದ ಧೈರ್ಯ ಬಂದು, ಎರಡೂ ಕಂಬಿ ಹಿಡಿದು ನಿಂತು "ವೀಕ್, ವೀಕ್, ವೀಕ್" ಎಂದು ಶಿಳ್ಳೆ ಹಾಕುತ್ತಿದ್ದವು. ಮನೆಯಿಂದ ವಿಡಿಯೋದಲ್ಲಿ ಸೇರಿಕೊಂಡ ಆಫೀಸಿನ ಮೀಟಿಂಗಿನಲ್ಲಿ ನನ್ನ ಮ್ಯಾನೇಜರು, ನಿಮ್ಮ ಮನೆಯಲ್ಲಿ ಹೊಗೆಯ ಅಲಾರಂ ಹೊಡೆದುಕೊಳ್ಳುತ್ತಿರಬೇಕು, ಹೋಗಿ ನೋಡಿ ಎಂದರು. ಹೊಗೆಯಲ್ಲ, ಸೌತೆಕಾಯಿ ಎಂದೆ.

ಇನ್ನು ಗಂಡ. ಹುಲ್ಲು ಮನೆಗೆ ಬಂದ ಮರುದಿನವೇ ಅವನಿಗೆ ಸೀನು ಹತ್ತಿಕೊಂಡಿತು. ಹುಲ್ಲಿನ ಧೂಳಿಗೆ ಅಲರ್ಜಿಯಂತೆ. ಹೀಗಾಗಿ ಗೂಡು ತೊಳೆಯುವ ಭಾಗ್ಯ ಅವನಿಗೆ ತಪ್ಪಿಹೋಯಿತು. ಬಹಳ ನೊಂದುಕೊಂಡ, ಪಾಪ. ಸೋಫಾದ ಮೇಲೆ ಕೂತೇ ನೊಂದುಕೊಂಡ.

ಮೇ ತಿಂಗಳಲ್ಲಿ ತುಮಕೂರಿನಿಂದ ಅಮ್ಮ ಬಂದಳು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿ, ಮ್ಯಾನೇಜರಾಗಿ ನಿವೃತ್ತಳಾದವಳು. ಪ್ರಾಣಿಗಳನ್ನು ಕಂಡರೆ ಅವಳಿಗೆ ಯಾವತ್ತೂ ಆಗದು. ಚಪ್ಪಲಿ ಬಿಡುವ ಮೊದಲೇ ಗೂಡು ನೋಡಿ, "ಇಲಿ ಸಾಕ್ಕೊಂಡಿದೀಯೇನೇ ಮನೇಲಿ?" ಎಂದಳು.

"ಇಲಿಯಲ್ಲಮ್ಮ, ಗಿನಿ ಪಿಗ್ಗು."

"ಬಾಲ ಇಲ್ಲದ ಇಲಿ. ನಾವು ಮನೆಯಿಂದ ಓಡ್ಸಕ್ಕೆ ಪಾಷಾಣ ಇಡ್ತೀವಿ, ನೀವು ಕ್ಯಾಪ್ಸಿಕಂ ಇಡ್ತೀರ."

ಆದರೆ ನಾವು ಮೂವರೂ ಬೆಳಿಗ್ಗೆ ಹೊರಟುಹೋದ ಮೇಲೆ ಆ ಮನೆಯಲ್ಲಿ ಮಾತಾಡಿಸುವುದಕ್ಕೆ ಬೇರೆ ಯಾರಿದ್ದರು. ವಾರ ಕಳೆಯುವುದರೊಳಗೆ ನಾನು ಬೇಗ ಮನೆಗೆ ಬಂದ ಒಂದು ಮಧ್ಯಾಹ್ನ ಅಮ್ಮ ಗೂಡಿನ ಮುಂದೆ ಕುರ್ಚಿ ಎಳೆದುಕೊಂಡು, ಕ್ಯಾರೆಟ್ಟಿನ ಸೊಪ್ಪು ಹಿಡಿದು, ತನ್ನ ನಾದಿನಿಯ ಮೇಲಿನ ದೂರುಗಳನ್ನು ಅವಕ್ಕೆ ಒಂದೊಂದಾಗಿ ಹೇಳುತ್ತಿದ್ದಳು. ಅವು ಸೊಪ್ಪು ಮುಗಿಯುವವರೆಗೆ ಪೂರ್ತಿ ಗಮನ ಕೊಟ್ಟು ಕೇಳಿದವು. ನಮ್ಮ ಮನೆಯಲ್ಲಿ ಯಾರೂ ಅಷ್ಟು ಕೇಳಿದ್ದಿಲ್ಲ.

ಬಿಳಿಯದು ಮೈ ತುಂಬಿಕೊಂಡಿತು. ಅತ್ತೆಯ ಕೈಗುಣ ಎಂದ ನನ್ನ ಗಂಡ. ಅಮ್ಮ ಒಂದು ಸಂಜೆ ಅದನ್ನು ಕನ್ನಡಕ ಏರಿಸಿಕೊಂಡು ನೋಡಿ, "ಇದು ಬಸುರಿ," ಎಂದಳು.

"ಸಾಧ್ಯವೇ ಇಲ್ಲ ಅತ್ತೆ. ಎರಡೂ ಹೆಣ್ಣು," ಎಂದ ಅವನು.

"ಹೆಣ್ಣಾಗಿರೋದಕ್ಕೇ ಹೇಳ್ತಿದೀನಿ. ಗಂಡಾಗಿದ್ರೆ ಹೊಟ್ಟೆ ಅಂತಿದ್ದೆ," ಎಂದು ಅಮ್ಮ ಅವನ ಹೊಟ್ಟೆಯ ಕಡೆ ನೋಡದೆಯೇ ಹೇಳಿದಳು.

ಪಶುವೈದ್ಯೆ ಹೊಟ್ಟೆ ಮುಟ್ಟಿ ನೋಡಿ, ಹೌದು, ಇನ್ನೇನು ಎರಡು ವಾರ ಎಂದಳು. ಕೆಂಪು ಮನೆಯ ಹೆಂಗಸಿಗೆ ಫೋನು ಮಾಡಿದೆ. ಬಹಳ ಮುಜುಗರಪಟ್ಟುಕೊಂಡಳು. ಅಣ್ಣತಮ್ಮಂದಿರಿಂದ ಬೇರೆ ಮಾಡುವುದು ಸ್ವಲ್ಪ ತಡವಾಗಿತ್ತಂತೆ. ನಮ್ಮ ಮನೆಗೆ ಗಾಳಿ ಬೀಸುತ್ತದೆಯೇ ಎಂದು ಕೇಳುವ ಗಡಿಬಿಡಿಯಲ್ಲಿ ಆ ಸಣ್ಣ ವಿಷಯ ಮರೆತುಹೋಗಿರಬೇಕು.

ಅಂದಿನಿಂದ ಅಮ್ಮ ಬೇರೆಯೇ ಮನುಷ್ಯಳಾದಳು. ಗೂಡನ್ನು ಕಿಟಕಿಯ ಬಳಿಯಿಂದ ತೆಗೆಸಿ, ಮೂಲೆಗೆ ಇಡಿಸಿ, ಮೂರು ಕಡೆಯೂ ತನ್ನ ಹಳೆಯ ಕಾಟನ್ ಸೀರೆ ಕಟ್ಟಿದಳು, ಥಂಡಿ ಗಾಳಿ ತಾಗಬಾರದೆಂದು. ಕಂದು ಹತ್ತಿರ ಹೋಗಿ ಬಿಳಿಯದರ ಸೊಪ್ಪು ಕಿತ್ತುಕೊಂಡರೆ, "ಎರಡು ಜೀವದವಳು, ತಿನ್ನಲಿ ಬಿಡೇ," ಎಂದು ಗದರುತ್ತಿದ್ದಳು. ಎಣ್ಣೆಸ್ನಾನ ಮಾಡಿಸಬಹುದೇ ಎಂದು ವೈದ್ಯೆಯನ್ನು ಕೇಳಲು ನನಗೆ ಹೇಳಿದಳು. ನಾನು ಕೇಳಲಿಲ್ಲ. ಈ ದೇಶದಲ್ಲಿ ನನಗೊಂದು ಮರ್ಯಾದೆ ಇದೆ.

ಮರಿ ಹಾಕಿದ್ದು ಒಂದು ಶುಕ್ರವಾರ, ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನ. ಮೀಟಿಂಗಿನ ನಡುವೆ ಅಮ್ಮ ಬಾಗಿಲಲ್ಲಿ ನಿಂತು, "ಮೂರು," ಎಂದಳು, ಅಷ್ಟೇ. ಹೋಗಿ ನೋಡಿದರೆ ಮರಿಗಳಿಗೆ ಮೈತುಂಬ ಕೂದಲು, ಕಣ್ಣು ತೆರೆದಿವೆ, ಹಲ್ಲಿದೆ, ಒಂದು ಆಗಲೇ ಓಡುತ್ತಿದೆ. "ಇದೇನೇ, ಹುಟ್ಟಿದ ಹಾಗಿಲ್ಲ, ಡ್ಯೂಟಿಗೆ ಬಂದ ಹಾಗಿದೆ," ಎಂದು ಅಮ್ಮ ಬೆರಗಾದಳು. ಶಾಲೆಯಿಂದ ಬಂದ ಮಗಳು ನೆಲದ ಮೇಲೆ ಬೋರಲು ಮಲಗಿ ಸ್ವೀಡಿಷ್‌ನಲ್ಲಿ ಪಿಸುಗುಟ್ಟಿದಳು, ಅಜ್ಜಿ ಅವಳ ಪಕ್ಕ ಕೂತು ಕನ್ನಡದಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ಇನ್ನೊಬ್ಬರ ಮಾತು ಅರ್ಧ ತಿಳಿಯದು. ಆ ದಿನ ಇಬ್ಬರೂ ಅದನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ.

ಮರುದಿನ ಅಂಗಡಿಗೆ ಹೋದೆವು. ತರಕಾರಿಯ ಸಾಲಿನಲ್ಲಿ ಅಮ್ಮ ಒಂದು ಕುಂಡ ಎತ್ತಿ ಮೂಸಿ, "ಸಬ್ಬಸಿಗೆ," ಎಂದಳು, ದೂರದ ನೆಂಟರು ಸಿಕ್ಕ ಹಾಗೆ. ಇಲ್ಲಿನವರು ಅದನ್ನು ಆಲೂಗಡ್ಡೆಗೂ ಮೀನಿಗೂ ಉದುರಿಸಿಕೊಂಡು ತಿನ್ನುತ್ತಾರೆ ಎಂದೆ. "ತಿನ್ನಲಿ. ಬಾಣಂತಿಗೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ, ಹಾಲು ಇಳಿಯತ್ತೆ," ಎಂದು ನಾಲ್ಕು ಕುಂಡ ಗಾಡಿಯಲ್ಲಿಟ್ಟಳು. ಮನೆಗೆ ಬಂದು, ಅಡುಗೆಮನೆಯಲ್ಲಿ ಸೊಪ್ಪು ತೊಳೆದು, ಎಳೆಯದನ್ನೇ ಆರಿಸಿ, ತಟ್ಟೆಯಲ್ಲಿ ಜೋಡಿಸತೊಡಗಿದಳು.

ನಾನು ಅದನ್ನು ನೋಡುತ್ತ ನಿಂತಿದ್ದೆ. ಮಗಳು ಹುಟ್ಟಿದ ಮಾರ್ಚಿನಲ್ಲಿ ಅಮ್ಮ ನನ್ನ ಬಳಿ ಇರಲಿಲ್ಲ. ಬ್ಯಾಂಕಿನವರು ರಜೆ ಕೊಡಲಿಲ್ಲ ಎಂದು ಫೋನಿನಲ್ಲಿ ಹೇಳಿದ್ದಳು. ಪರಿಚಯದವರ ಕೈಲಿ ಒಂದು ಸ್ಟೀಲ್ ಡಬ್ಬಿಯ ತುಂಬ ಅಂಟಿನುಂಡೆ ಬಂದಿತ್ತು. ಅದೇ ನನ್ನ ಬಾಣಂತನ. ಮಕ್ಕಳ ಆರೋಗ್ಯ ಕೇಂದ್ರದ ನರ್ಸ್ ಬಂದು, ಮಗುವನ್ನು ಗಾಡಿಯಲ್ಲಿ ಹಾಕಿಕೊಂಡು ನೀವು ಹೊರಗೆ ಸುತ್ತಾಡಬೇಕು, ಶುದ್ಧ ಗಾಳಿ ಒಳ್ಳೆಯದು ಎನ್ನುತ್ತಿದ್ದಳು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಅಮ್ಮ ಫೋನಿನಲ್ಲಿ ಕಿವಿಗೆ ಹತ್ತಿ ಇಟ್ಟುಕೋ ಎನ್ನುತ್ತಿದ್ದಳು. ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಹಿಮದಲ್ಲಿ ಗಾಡಿ ತಳ್ಳಿದೆ, ಇಬ್ಬರಿಗೂ ಸಮಾಧಾನವಾಗಲೆಂದು. ನನ್ನ ಸಮಾಧಾನದ ವಿಷಯ ಯಾರ ಇಲಾಖೆಗೂ ಸೇರಿರಲಿಲ್ಲ.

"ಇದೆಲ್ಲ ನನಗೆ ಯಾರಮ್ಮ ಮಾಡಿದ್ರು?" ಎಂದುಬಿಟ್ಟೆ. ತಮಾಷೆಯ ಹಾಗೆ ಹೇಳಬೇಕೆಂದುಕೊಂಡಿದ್ದೆ. ಧ್ವನಿ ಮಾತು ಕೇಳಲಿಲ್ಲ.

ಅಮ್ಮನ ಕೈ ನಿಂತಿತು. ನಲ್ಲಿ ನಿಲ್ಲಿಸಿದಳು. ಸೊಪ್ಪಿನ ದಂಟು ನೋಡುತ್ತ, "ರಜೆ ಸಿಕ್ಕಿತ್ತು ಕಣೇ," ಎಂದಳು.

ಸೆರಗಿಗೆ ಕೈ ಒರೆಸಿಕೊಂಡು ಮುಂದುವರಿಸಿದಳು.

"ಅದೇ ತಿಂಗಳು ಚಿತ್ರದುರ್ಗಕ್ಕೆ ಮ್ಯಾನೇಜರಾಗಿ ಹಾಕಿದ್ರು. ಅಷ್ಟು ವರ್ಷ ಕಾದಿದ್ದೆ. ಹೋಗಿ ಕೂತ್ಕೊಳ್ದೆ ಇದ್ರೆ ಆ ಕುರ್ಚಿ ಇನ್ನೊಬ್ಬರಿಗೆ ಹೋಗ್ತಿತ್ತು. ನಿನಗೆ ಹಾಗಂದ್ರೆ ನೀನು ಏನಂದ್ಕೋತೀಯೋ ಅಂತ ರಜೆ ಸಿಗಲಿಲ್ಲ ಅಂದೆ."

"ಈಗ ಅದೇ ಸಮಯ ಬಂದ್ರೆ ಏನ್ಮಾಡ್ತಿದ್ದೆ?"

"ಬರ್ತಿದ್ದೆ ಅಂತ ಹೇಳಿದ್ರೆ ನಿನಗೆ ಖುಷಿಯಾಗತ್ತೆ," ಎಂದಳು ಅಮ್ಮ. "ಆದ್ರೆ ನನಗೆ ಗೊತ್ತಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂಬತ್ತು ವರ್ಷ ಒಂದು ಬ್ಯಾಂಕನ್ನು, ಅದರ ಕಲ್ಲುಮನಸ್ಸಿನ ಅಧಿಕಾರಿಗಳನ್ನು, ನಾನು ನೋಡಿಯೇ ಇಲ್ಲದ ಯಾರೋ ಒಬ್ಬ ರೀಜನಲ್ ಮ್ಯಾನೇಜರನ್ನು ಬೈದುಕೊಂಡೇ ಬಂದಿದ್ದೆ. ಆ ಪುಣ್ಯಾತ್ಮ ರಜೆಗೆ ಸಹಿ ಹಾಕಿ ಕೂತಿದ್ದನಂತೆ. ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಮೂಗು ಒರೆಸಿಕೊಳ್ಳಲು ಕಾಗದ ಹರಿದೆ. ಆ ಪರಪರ ಸದ್ದಿಗೆ ಯಾವುದೋ ತಿಂಡಿಯ ಪೊಟ್ಟಣ ಬಿಚ್ಚಿದರೆಂದು ಎಣಿಸಿ, ಒಳಗಿನಿಂದ ಬಾಣಂತಿಯೂ ಅವಳ ತಂಗಿಯೂ ಒಟ್ಟಿಗೇ ಶಿಳ್ಳೆ ಹೊಡೆಯತೊಡಗಿದವು. ಗಿನಿ ಪಿಗ್ಗಿಗೆ ಹೊಟ್ಟೆಯ ಮುಂದೆ ಬೇರೆಯವರ ತಾಯಿಮಕ್ಕಳ ಸಂಕಟ ದೊಡ್ಡದಲ್ಲ.

"ತಗೊಂಡು ಹೋಗಿ ಕೊಡು, ಅರಚ್ತಿದಾಳೆ," ಎಂದು ಅಮ್ಮ ತಟ್ಟೆಯನ್ನು ನನ್ನ ಕೈಗಿಟ್ಟಳು. ಆ ರಾತ್ರಿ ಉಳಿದ ಸಬ್ಬಸಿಗೆಯನ್ನೆಲ್ಲ ಹೆಚ್ಚಿ ಅಕ್ಕಿರೊಟ್ಟಿಗೆ ಕಲಸಿ, ನನ್ನ ತಟ್ಟೆಗೆ ಬೆಣ್ಣೆ ಹಾಕಿ ಬಡಿಸಿದಳು. ನಾನು ಒಂದರ ಮೇಲೊಂದು ನಾಲ್ಕು ತಿಂದೆ. ಹಾಲಂತೂ ಇಳಿಯಲಿಲ್ಲ.

ಮರಿಗಳಲ್ಲಿ ಎರಡು ಗಂಡು. ಮೂರು ವಾರಕ್ಕೇ ಅವನ್ನು ತಾಯಿಯಿಂದ ಬೇರೆ ಮಾಡಬೇಕು, ಇಲ್ಲದಿದ್ದರೆ ಪುರಾಣ ಮತ್ತೆ ಮೊದಲಿಂದ ಶುರುವಾಗುತ್ತದೆ ಎಂದು ಈ ಸಲ ನಮಗೆ ಚೆನ್ನಾಗಿ ಗೊತ್ತಿತ್ತು. ಮಗಳ ತರಗತಿಯ ಒಬ್ಬ ಹುಡುಗಿಯ ಮನೆಯವರು ಇಬ್ಬರನ್ನೂ ಒಯ್ಯಲು ಬಂದರು. ಕೊಡುವ ದಿನ ಮಗಳಿಗಿಂತ ಹೆಚ್ಚು ಮುಖ ಊದಿಸಿಕೊಂಡವಳು ಅಮ್ಮ. ಹುಡುಗಿಯ ಅಪ್ಪನಿಗೆ ಕನ್ನಡದಲ್ಲಿ, "ನೋಡಿ, ದಪ್ಪದವನು ಚಿಕ್ಕೋನಿಗೆ ತಿನ್ನಕ್ಕೆ ಬಿಡಲ್ಲ, ಬೇರೆ ಬೇರೆ ತಟ್ಟೇಲಿ ಹಾಕಿ," ಎಂದು ಎರಡೆರಡು ಸಲ ಹೇಳಿದಳು. ಆತ ಒಂದು ಪದವೂ ತಿಳಿಯದೆ ಬಹಳ ಗೌರವದಿಂದ ತಲೆಯಾಡಿಸಿದ. ಹೆಣ್ಣುಮರಿ ನಮ್ಮಲ್ಲೇ ಉಳಿಯಿತು. ಚಿಕ್ಕ ಪ್ರಾಣಿಗಳು, ಏನೂ ಕೆಲಸವಿಲ್ಲ, ಈಗ ಮೂರಿವೆ.

ಆಗಸ್ಟಿನಲ್ಲಿ ಅಮ್ಮನನ್ನು ವಿಮಾನ ನಿಲ್ದಾಣಕ್ಕೆ ನಾನೊಬ್ಬಳೇ ಕರೆದುಕೊಂಡು ಹೊರಟೆ. ಕಾರು ಹೆದ್ದಾರಿಗೆ ಬಂತು. ಆಮೇಲೆ ನಾನು, "ಮೊದಲನೇ ದಿನ ಹೇಗಿತ್ತಮ್ಮ, ಚಿತ್ರದುರ್ಗದಲ್ಲಿ?" ಎಂದು ಕೇಳಿದೆ.

ಅಮ್ಮ ನನ್ನ ಕಡೆ ತಿರುಗಿ, ನಿಜವಾಗಿಯೂ ಕೇಳುತ್ತಿದ್ದೇನೆಯೇ ಎಂದು ನೋಡಿದಳು. ಆಮೇಲೆ ಹೇಳತೊಡಗಿದಳು. ಚೇಂಬರಿನ ಬಾಗಿಲು ಕಿರುಗುಟ್ಟುತ್ತಿದ್ದದ್ದು, ಹಿಂದಿನವರು ಅಷ್ಟೆತ್ತರಕ್ಕೆ ಏರಿಸಿಟ್ಟಿದ್ದ ಕುರ್ಚಿಯಲ್ಲಿ ಕೂತರೆ ತನ್ನ ಕಾಲು ನೆಲಕ್ಕೆ ಮುಟ್ಟದೆ ಇದ್ದದ್ದು, ಸಾಲ ಕೇಳಲು ಬಂದ ಒಬ್ಬರು ಎದುರಿಗೇ ಕೂತು ಮ್ಯಾನೇಜರ್ ಸಾಹೇಬರು ಯಾವಾಗ ಬರ್ತಾರಮ್ಮ ಎಂದು ಅರ್ಧ ಗಂಟೆ ಕಾದದ್ದು. "ನಾನೂ ಹೇಳಲಿಲ್ಲ. ಕಾಯಲಿ ಅಂತ ಬಿಟ್ಟೆ. ಎರಡು ಲೋಟ ಕಾಫಿ ಬೇರೆ ತರಿಸಿಕೊಟ್ಟೆ," ಎಂದು ನಕ್ಕಳು. ಅವಳು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ಕೇಳುತ್ತ ಕೇಳುತ್ತ ನಿಲ್ದಾಣದ ತಿರುವು ಹಿಂದೆ ಹೋಯಿತು. ಮುಂದಿನ ತಿರುವಿನವರೆಗೆ ಹೋಗಿ ವಾಪಸು ಬರಬೇಕಿತ್ತು. ವಿಮಾನಕ್ಕೆ ಇನ್ನೂ ಹೊತ್ತಿತ್ತು. "ಆಮೇಲೆ?" ಎಂದೆ.