ಕಂದೀಲಿನ ಹುಡುಗಿಯರು ಮತ್ತು ಲಾರಿ ಕಟ್ಟುವವರು

ಟಿಣ್, ಟಿಣಟಿಣ, ಟಿಣ್. ಹಿತ್ತಾಳೆಯ ಲೋಟಕ್ಕೆ ಯಾರೋ ಚಮಚ ತಾಗಿಸಿ ತಾಗಿಸಿ ಆಡುತ್ತಿರುವಂಥ ಸಪ್ಪಳ, ಅದರ ಬೆನ್ನಿಗೇ ಎಳೆಯ ಕೊರಳುಗಳು ಒಟ್ಟಿಗೆ ನಗುತ್ತ ಹಾಡಾಗಿಬಿಟ್ಟಂಥ ಒಂದು ಹಾಡು. ನಾನು ಅದನ್ನು ಮೊದಲು ಕೇಳಿದ್ದು ಮಕ್ಕಳಿರುವ ಮನೆಯಲ್ಲಲ್ಲ. ಬಸವಕಲ್ಯಾಣದ ಒಂದು ಮನೆಯ ಬಾಗಿಲ ಪರದೆಯ ಈಚೆಗೆ ನಿಂತು. ಪರದೆಯ ಆಚೆಗೆ ಮೊಣಕೈತನಕ ಗ್ರೀಸಿನ ಕಲೆಯಿದ್ದ ದೊಡ್ಡ ದೊಡ್ಡ ಗಂಡಸರು ತೊಡೆಯ ಮೇಲೆ ಊಟದ ತಾಟು ಇಟ್ಟುಕೊಂಡು, ರೊಟ್ಟಿ ಮುರಿಯುವುದನ್ನು ಮರೆತು ಟಿ.ವಿ.ಯತ್ತ ಬಾಯಿ ತೆರೆದು ಕೂತಿದ್ದರು. ಅಂದಿನಿಂದ ಆ ಸಪ್ಪಳ ನನ್ನ ಕಿವಿಯಲ್ಲಿ ಬಾಡಿಗೆ ಕೊಡದ ಬಾಡಿಗೆದಾರನಂತೆ ಕೂತುಬಿಟ್ಟಿದೆ, ಜೊತೆಗೊಂದು ಕನ್ಫ್ಯೂಷನ್ನನ್ನೂ ಕರೆತಂದು. ವಯಸ್ಸಾದಂತೆ ಗೊಂದಲಗಳು ತಿಳಿಯಾಗುತ್ತವೆ ಎಂದು ಹೇಳುವವರನ್ನು, ಓದುವ ಗೆಳೆಯರೇ, ದಯವಿಟ್ಟು ನಂಬಬೇಡಿ.

ನಾವು ಅಲ್ಲಿಗೆ ಹೋದದ್ದು ಗಂಡಿನ ಮನೆ ನೋಡಲು. ನನ್ನ ತಮ್ಮ ಮಾಣಿಕರಾವ ಹುಮನಾಬಾದಿನಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿ ನಡೆಸಿ ಬಾಳಿದವನು. ತೊಗರಿಯನ್ನು ಅಂಗೈಯಲ್ಲಿ ಹಿಡಿದು ಯಾವ ಹೊಲದ್ದೆಂದು ಹೇಳುವವನು, ಮನುಷ್ಯರನ್ನೂ ಹಾಗೆಯೇ ಅಂಗೈಯಲ್ಲಿ ಹಿಡಿದು ಹೇಳಬಲ್ಲೆನೆಂದು ತಿಳಿದವನು. ಅವನಿಗೆ ಒಬ್ಬಳೇ ಮಗಳು, ಅಶ್ವಿನಿ. ಲ್ಯಾಬೊಂದರಲ್ಲಿ ಊರವರ ರಕ್ತ ಪರೀಕ್ಷೆ ಮಾಡುತ್ತಾಳೆ, ಸ್ಕೂಟಿಯನ್ನು ಲಾರಿಗಳ ನಡುವೆ ತೂರಿಸುತ್ತಾಳೆ. ವರ ಸಿದ್ರಾಮ. ಹಳೆಯ ಲಾರಿಗಳು ಬಸವಕಲ್ಯಾಣಕ್ಕೆ ಬಂದು ಬಿಚ್ಚಿಸಿಕೊಂಡು ಹೊಸ ಮೈ ತೊಟ್ಟು ಹೋಗುತ್ತವಲ್ಲ, ಆ ಕೆಲಸದ ಸ್ವಂತ ಶೆಡ್ಡು ಇದ್ದವನು. ಫೋಟೋ ಒಪ್ಪಿಗೆಯಾಗಿತ್ತು, ಜಾತಕ ಕೂಡಿತ್ತು, ಹುಡುಗ ಹುಡುಗಿ ಫೋನಿನಲ್ಲಿ ಒಮ್ಮೆ ಮಾತಾಡಿದ್ದೂ ಆಗಿತ್ತು. ಉಳಿದದ್ದು ಮನೆ ನೋಡುವುದೊಂದೇ. ನಮ್ಮ ಮನೆತನದಲ್ಲಿ ಗಂಡಿನ ಮನೆ ನೋಡಲು ಹೇಳಿ ಹೋಗುವ ರೂಢಿಯಿಲ್ಲ. "ಹೇಳಿ ಹೋದ್ರ ಕಾಣೂದು ಮನಿ ಅಲ್ಲ, ನಾಟಕ" ಎನ್ನುತ್ತಿದ್ದಳು ನಮ್ಮ ಆಯಿ. ಹಿಟ್ಟಿನ ಡಬ್ಬಿಯ ಮುಚ್ಚಳ ಹೇಗಿದೆ, ಸೊಸೆಯಂದಿರು ಎಲ್ಲಿ ಕೂತು ಉಣ್ಣುತ್ತಾರೆ, ನೀರಿನ ಕೊಡ ಯಾರ ಸೊಂಟದ ಮೇಲಿದೆ ಎಂಬುದನ್ನೆಲ್ಲ ಇದ್ದಕ್ಕಿದ್ದಂತೆ ಹೋಗಿಯೇ ನೋಡಬೇಕು. ಹಾಗಾಗಿ ಒಂದು ಬುಧವಾರ, ತಮ್ಮ, ಅವನ ಹೆಂಡತಿ ಶಾಂತಾ ಮತ್ತು ನಾನು, ಅದೇ ದಾರಿಯ ಮಂಠಾಳಕ್ಕೆ ಯಾರದೋ ತೊಟ್ಟಿಲ ಶಾಸ್ತ್ರಕ್ಕೆ ಹೊರಟವರ ಹಾಗೆ ಹೊರಟು, ಊಟದ ಹೊತ್ತಿಗೆ ಸರಿಯಾಗಿ ಕಲ್ಯಾಣದಲ್ಲಿ ಇಳಿದೆವು.

ಎಲ್ಲವನ್ನೂ ನೋಡಲು ತಯಾರಾಗಿ ಹೋಗಿದ್ದೆವು, ಒಂದನ್ನು ಬಿಟ್ಟು.

ಪರದೆ ಸರಿದದ್ದೇ ಸಿದ್ರಾಮನ ತಾಯಿ ಬಿಳಿಚಿಕೊಂಡಳು. "ಅಯ್ಯ, ನಮ್ಮ ಮಗಳ ಕೂಸು ಬಂದಿತ್ತರಿ, ಹಚ್ಚಿಟ್ಟು ಹೋಗ್ಯಾದ" ಎಂದು ಟಿ.ವಿ. ಆರಿಸಲು ಧಾವಿಸಿದಳು. ಟಿ.ವಿ.ಯಲ್ಲಿ ಗುಲಾಬಿ ಬಣ್ಣದ ಆಕಾಶದಡಿ ಲಂಗದ ಹುಡುಗಿಯರು ಕಂದೀಲು ಹಿಡಿದು ಬೆಟ್ಟ ಹತ್ತುತ್ತಿದ್ದರು. ಸಿದ್ರಾಮ ಎದ್ದು ನಿಂತ. ಬಾಗಿಲ ತುಂಬ ಆಳು. ಕೈಯಲ್ಲಿ ತಾಟು ಹಾಗೆಯೇ.

"ಇಲ್ಲರಿ, ಯಾವ ಕೂಸೂ ಬಂದಿಲ್ಲ" ಎಂದ. "ನಾವಽ ನೋಡಾಕತ್ತಿದ್ದೆವು. ದಿನಾ ಊಟದ ಹೊತ್ತಿಗೆ ನೋಡತೇವ್ರಿ."

ಗೋಡೆಗೊರಗಿದ್ದ ಬಿಳಿ ಗಡ್ಡದ, ಅವನ ಶೆಡ್ಡಿನ ಪೇಂಟರ್ ಖಾಜಾ ಮಿಸ್ತ್ರಿ, "ಬರ್ರಿ ಅಮ್ಮಾರ, ಕುಂದರ್ರಿ. ಜರಾ ತಡೀರಿ, ರಾಕ್ಷಸ ಬಂದಾನ, ಈಗ ಮುಗೀತದ" ಎಂದ. ನಾವೇನೋ ಅವರ ಜೊತೆ ರಾಕ್ಷಸನನ್ನು ನೋಡಲಿಕ್ಕೇ ಬಂದವರು ಎಂಬಂತೆ.

ಚಹಾ ಬಂತು. ನನಗೆ ಸುಮ್ಮನಿರುವುದು ಬರುವುದಿಲ್ಲವಾದ್ದರಿಂದ ಕೇಳಿಯೇಬಿಟ್ಟೆ, "ಇದರಾಗ ನಿಮಗ ಏನು ಸೇರತದ?"

"ದಿನಪೂರಾ ಹತೋಡಿ ಸಪ್ಪಳರಿ, ಅದರ ಮ್ಯಾಲ ಗಿರಾಕಿ ಬೈಗುಳ" ಎಂದ ಮಿಸ್ತ್ರಿ. "ಇದರಾಗ ಯಾರೂ ಯಾರಿಗೂ ಬೈಯೂದಿಲ್ಲ. ಅಷ್ಟಽ."

ಸಿದ್ರಾಮ ತಾಟು ಕೆಳಗಿಟ್ಟು, "ಆ ಸಣ್ಣಾಕಿ ಅದಾಳಲ್ರಿ, ಅಂಜುಬುರಕಿ. ಅಂಜಿಕೋತನಽ ಬೆಟ್ಟಾ ಹತ್ತತಾಳ. ಅಂಜಿಕಿ ಬಿಡೂತನಕ ತಡಿಯೂದಿಲ್ಲ. ಅದು ನನಗ ಸೇರತದ" ಎಂದ.

ತಮ್ಮ ಚಹಾ ಅರ್ಧಕ್ಕೇ ಬಿಟ್ಟ. ಕಾರು ಕಲ್ಯಾಣ ದಾಟಿ ಹೈವೇಗೆ ಬಂದ ಮೇಲೆ ಅವನು ಬಾಯಿ ಬಿಟ್ಟ. "ನೋಡಾಕ ಪೈಲ್ವಾನ. ನೋಡೂದು ಮಾತ್ರ ಹುಡುಗೇರ ಕಾರ್ಟೂನ್. ಏನೋ ಐಬು ಅದ ಅಕ್ಕಾ."

"ಕುಡಿಯೂದಿಲ್ಲ, ಇಸ್ಪೇಟ್ ಆಡೂದಿಲ್ಲ" ಎಂದಳು ಹಿಂದಿನ ಸೀಟಿನಿಂದ ಶಾಂತಾ.

"ಕುಡೀತಿದ್ರ ಬಿಡಸಬಹುದು ಮಾರಾಯ್ತಿ. ಇದನ್ನ ಹ್ಯಾಂಗ ಬಿಡಸೂದು?"

ಮತ್ತೆ ನನ್ನ ಕಡೆ ತಿರುಗಿ, "ಅಕ್ಕಾ, ನೀ ಕಾನ್ವೆಂಟಿನಾಕಿ. ಅದನ್ನ ಪೂರಾ ನೋಡಿ ಏನದ ಅಂತ ಹೇಳು. ನಿನ್ನ ಮಾತಿನ ಮ್ಯಾಲ ಬಿಟ್ಟೀನಿ" ಎಂದ. ಹೀಗೆ ಒಬ್ಬ ಹುಡುಗಿಯ ಲಗ್ನ, ಒಬ್ಬ ಹುಡುಗನ ಮರ್ಯಾದೆ ಎರಡೂ ಕೂಡಿ ನನ್ನ ಕನ್ನಡಕದ ಮೇಲೆ ಬಂದು ಕೂತವು.

ನೋಡಿದೆ. ಅಶ್ವಿನಿಯೇ ನನ್ನ ಟಿ.ವಿ.ಗೆ ಹಚ್ಚಿಕೊಟ್ಟಳು. ಬಿಸಿಲು ಬೀಳದ ಒಂದು ಊರು. ಅಲ್ಲಿಯ ಐವರು ಹುಡುಗಿಯರು ಬೆಟ್ಟದ ತುದಿಗೆ ದಿನಾ ಕಂದೀಲು ಒಯ್ದು ತೂಗಿಹಾಕಬೇಕು. ಒಬ್ಬಳು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಬಂಡಿಯ ಗಾಲಿ ಕೂಡಿಸುತ್ತಾಳೆ, ಒಬ್ಬಳಿಗೆ ಮೂಗಿನ ತುದಿಯಲ್ಲಿ ಸಿಟ್ಟು, ಒಬ್ಬಳು ಅಪಸ್ವರದಲ್ಲಿ ಹಾಡಿದರೂ ನಿಲ್ಲಿಸುವುದಿಲ್ಲ, ಒಬ್ಬಳು ಎಲ್ಲರಿಗೂ ಬುತ್ತಿ ಕಟ್ಟಿ ತಾನೇ ದಾರಿಯಲ್ಲಿ ತಿಂದುಬಿಡುತ್ತಾಳೆ, ಮತ್ತೆ ಆ ಅಂಜುಬುರಕಿ. ದೀಪ ಆರಿಸುವ ರಾಕ್ಷಸನೊಬ್ಬನಿದ್ದಾನೆ. ಅವನನ್ನು ಕೊಲ್ಲುತ್ತಾರೆಂದು ಕಾದೆ. ಕೊಲ್ಲಲಿಲ್ಲ. ಅವನು ಅಳತೊಡಗಿದ, ಹುಡುಗಿಯರು ಅಳು ಮುಗಿಯುವತನಕ ಸುತ್ತ ಕೂತರು, ಒಬ್ಬಳು ಅವನ ಸುಂಬಳ ಒರೆಸಿದಳು. ಅಲ್ಲಿಗೆ ಆ ದಿನದ ಕಥೆ ಮುಗಿಯಿತು. ಕಾನ್ವೆಂಟಿನಲ್ಲಿ ಪ್ರತಿ ಕಥೆಯ ಕೊನೆಗೆ ಮಾರಲ್ ಬರೆದು ಬರೆದು ಬೆಳೆದ ನಾನು ಇದರ ಮಾರಲ್ ಹುಡುಕಿದೆ. ಸಿಗಲಿಲ್ಲ. ಸಿಗದಿದ್ದರೂ ಮರುದಿನ ಅದೇ ಹೊತ್ತಿಗೆ ಯಾಕೆ ಟಿ.ವಿ. ಮುಂದೆ ಬಂದು ಕೂತೆನೆಂಬುದು, ಮೈ ಡಿಯರ್ ರೀಡರ್, ನನ್ನ ಗೊಂದಲದ ಎರಡನೆಯ ಅಧ್ಯಾಯ.

ಗುಲಾಬಿ ಬಣ್ಣ ಬಳಿದು, ಮಿನುಗು ಚೆಲ್ಲಿ, 'ಇದು ಹುಡುಗಿಯರಿಗೆ' ಎಂದು ಹಣೆಯ ಮೇಲೆ ಬರೆದು ಬಿಟ್ಟ ಕಥೆ. ಅದರ ಒಳಗೆ ಹೋದರೆ ಯಾವ ಹುಡುಗಿಯೂ ರಾಜಕುಮಾರನಿಗೆ ಕಾಯುತ್ತಿಲ್ಲ, ಚೆಲುವೆಯಾಗಿರಲು ಪುರಸತ್ತೂ ಇಲ್ಲ. ಹುಡುಗಿಯರಿಗೆ ಇದು ಯಾಕೆ ಬೇಕು ಎಂಬುದು ನನಗೆ ಅರ್ಥವಾಯಿತು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಒಂದೇ ಉಸಿರಿನಲ್ಲಿ "ನಿಮ್ಮ ಕಾಲ ಮೇಲೆ ನೀವು ನಿಲ್ಲಿ" ಎಂದೂ "ಮೊಣಕಾಲು ಕಾಣದಂತೆ ಕೂತುಕೊಳ್ಳಿ" ಎಂದೂ ಹೇಳುತ್ತಿದ್ದರು. ಮೊಣಕಾಲು ಮುಚ್ಚಿಕೊಂಡು ಕಾಲ ಮೇಲೆ ನಿಲ್ಲುವ ವಿದ್ಯೆಯಲ್ಲೇ ನಮ್ಮ ಹರೆಯ ಕಳೆದುಹೋಯಿತು. ಆದರೆ ಲಾರಿ ಕಟ್ಟುವವರಿಗೆ ಇದರಲ್ಲಿ ಏನಿತ್ತು? ಅವರಿಗೆ ಯಾರು ಮೊಣಕಾಲು ಮುಚ್ಚಿಕೋ ಎಂದಿದ್ದರು?

ಅಶ್ವಿನಿ ನನ್ನ ಪಕ್ಕದಲ್ಲಿ ಶೇಂಗಾ ಬಿಡಿಸುತ್ತ ಕೂತವಳು, "ಅತ್ತೀ" ಎಂದಳು, "ನಾ ಸಣ್ಣಾಕಿದ್ದಾಗಿಂದ ಅಪ್ಪ 'ಇಕಿ ನನ್ನ ಗಂಡುಮಗ' ಅಂತ ಊರಿಗೆಲ್ಲ ಹೇಳ್ಯಾನ. ನಾ ಗಾಡಿ ಹೊಡದ್ರ ಶಾಭಾಷ್. ಅಂವ ಹುಡುಗೇರ ಕಾರ್ಟೂನ್ ನೋಡಿದ್ರ ಐಬು. ಇದ್ಯಾವ ನ್ಯಾಯ?"

"ಅಂವ ನಿನಗ ಸೇರ್ಯಾನೇನು?"

"ಗೊತ್ತಿಲ್ಲ. ನಗು ಬರ್ತದ. ಆದ್ರ ತನ್ನವ್ವನ ಮಾತು ಹಿಡದು ಕೂಸಿನ ಮ್ಯಾಲ ಹಾಕಿ ಪಾರಾಗಬಹುದಿತ್ತಲ್ಲ, ಹಾಕಲಿಲ್ಲ. ಅದು ಸೇರ್ತು."

ಆಗ ನನಗೊಂದು ಹಳೆಯ ವಾರ ನೆನಪಾಯಿತು. ಕಾನ್ವೆಂಟ್ ಬೋರ್ಡಿಂಗಿನ ನಾಟಕದಲ್ಲಿ ಎತ್ತರದವಳೆಂದು ನನಗೆ ಸೇನಾಪತಿಯ ಪಾರ್ಟು. ಸುಟ್ಟ ಬಿರಡೆಯ ಮಸಿಯಿಂದ ಮೀಸೆ ಬರೆದರು. ಅಪ್ಪ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು, ಆ ಫೋಟೋ ವರ್ಷಗಟ್ಟಲೆ ನಮ್ಮ ಪಡಸಾಲೆಯಲ್ಲಿ ತೂಗಿತು. ರಜೆಗೆ ನಾನು ಮನೆಗೆ ಬಂದ ಅದೇ ವಾರ, ಇನ್ನೂ ಶಾಲೆಗೆ ಹೋಗದ ಮಾಣಿಕ ನನ್ನ ಕೆಂಪು ರಿಬ್ಬನ್ನನ್ನು ತಲೆಗೆ ಸುತ್ತಿಕೊಂಡು ಅಂಗಳದಲ್ಲಿ ಗಿರಗಿರ ತಿರುಗಿದ. ಅಪ್ಪ ಬಂದದ್ದೇ ಕಪಾಳಕ್ಕೆ ಒಂದು ಬಾರಿಸಿದ. ರಿಬ್ಬನ್ ಬಿಚ್ಚುವ ಮೊದಲೇ. ಒಂದೇ ಮನೆ, ಒಂದೇ ವಾರ, ಒಂದೇ ಆಟ. ನನಗೆ ಫೋಟೋ, ಅವನಿಗೆ ಪೆಟ್ಟು. ಹೆಣ್ಣು ಗಂಡಿನ ಕಡೆ ನಡೆದರೆ ಮೇಲೇರಿದಳು ಎನ್ನುತ್ತಾರೆ. ಗಂಡು ಹೆಣ್ಣಿನ ಕಡೆ ನಡೆದರೆ ಕೆಳಗಿಳಿದ ಎನ್ನುತ್ತಾರೆ. ಹಾಗಿದ್ದರೆ, ನನ್ನ ಮೀಸೆಗೆ ಬಿದ್ದ ಆ ಚಪ್ಪಾಳೆ ನನಗೆ ಬಿದ್ದದ್ದೋ, ಮೀಸೆಗೆ ಬಿದ್ದದ್ದೋ? ಇಷ್ಟು ವರ್ಷ ಆ ಫೋಟೋವನ್ನು ಹೆಮ್ಮೆಯಿಂದ ಒರೆಸಿದವಳಿಗೆ ಈಗ ಅದರ ಮುಂದೆ ನಿಂತರೆ ಯಾಕೋ ಸಂಕೋಚ.

ತೀರ್ಪು ಕೇಳಲು ತಮ್ಮ ಬಂದ. "ನಾ ಹೇಳೂದಿಲ್ಲ, ನೀನಽ ನೋಡು" ಎಂದು ಅವನನ್ನೇ ಟಿ.ವಿ. ಮುಂದೆ ಕೂಡಿಸಿದೆ. ಕೋರ್ಟಿನಲ್ಲಿ ಸಾಕ್ಷಿ ಹೇಳಲು ಕೂತವನ ಹಾಗೆ ನೆಟ್ಟಗೆ ಕೂತ. ಅಂಜುಬುರಕಿ ಬೆಟ್ಟದ ಇಕ್ಕಟ್ಟಿನ ದಾರಿ ದಾಟುವಾಗ ಅವನು ಸ್ವಲ್ಪ ಮುಂದಕ್ಕೆ ಬಾಗಿದ. ರಾಕ್ಷಸ ಅಳತೊಡಗಿದಾಗ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದ. ಮೊದಲು ಗಾಜು. ಆಮೇಲೆ ಕಣ್ಣು. ನಾನು ಮನಸ್ಸಿನಲ್ಲೇ ಮದುವೆಗೆ ಸೀರೆ ಆರಿಸತೊಡಗಿದ್ದೆ.

"ಈ ಸಂಬಂಧ ಬ್ಯಾಡ ಅಕ್ಕಾ" ಎಂದ.

"ಯಾಕೋ? ಛಲೋ ಅದ ಅಲ್ಲ?"

"ಛಲೋ ಅದ. ಅದಕ್ಕಽ ಬ್ಯಾಡ. ಒಂದ ಸಲ ನೋಡಿ ನನಗ ಹಿಂಗಾತು. ಅಂವ ದಿನಾ ನೋಡತಾನ. ಇಷ್ಟು ಮೆತ್ತನ ಮನಷ್ಯಾಗ ಲೋಕ ಸುಮ್ಮನ ಬಿಡತದೇನು? ಅವನ್ನ ನುಂಗೂಮುಂದ ಜೋಡಿ ನನ್ನ ಮಗಳನ್ನೂ ನುಂಗತದ."

ಅವನು ಕಾರ್ಟೂನನ್ನು ಅರ್ಥ ಮಾಡಿಕೊಳ್ಳದೆ ಬೇಡವೆಂದಿದ್ದರೆ ನಾನು ಜಗಳವಾಡುತ್ತಿದ್ದೆ. ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡು ಬೇಡವೆಂದ. ಬಾಗಿಲ ಹಿಂದೆ ನಿಂತಿದ್ದ ಅಶ್ವಿನಿ ಕೇಳಿಸಿಕೊಂಡಳು. ಕಲ್ಯಾಣಕ್ಕೆ ನಕಾರದ ಮಾತು ಹೋಯಿತು. ಆಮೇಲೆ ಬಂದ ವರರಿಗೆಲ್ಲ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನೀವು ಏನು ನೋಡಿ ನಗತೀರಿ?" ಒಬ್ಬ ತನ್ನ ಅಪ್ಪನ ಮುಖ ನೋಡಿದ. ಇನ್ನೊಬ್ಬ ಘನವಾಗಿ, "ನಾ ಹಂಗೆಲ್ಲ ನಗೂದಿಲ್ಲ" ಎಂದ. ಅವಳು ಎದ್ದು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಈಗ ತಮ್ಮ ಇಲ್ಲ. ಎದೆ ಹಿಡಿದುಕೊಂಡು ಕೂತವನು ಅಂಗಡಿಯ ಗಾದಿಯ ಮೇಲೆಯೇ ಹೋದ. ವರ್ಷ ತುಂಬುವತನಕ ಮನೆಯಲ್ಲಿ ಯಾರೂ ಲಗ್ನದ ಮಾತೆತ್ತಲಿಲ್ಲ. ಮೊನ್ನೆ ವರ್ಷದ ಕಾರ್ಯ ಮುಗಿಯಿತು. ನೆಂಟರೆಲ್ಲ ಹೋದ ಮೇಲೆ, ಅವನನ್ನು ನಾನು ಕೊನೆಯ ಸಲ ಕಂಡ ದಿನದ ಕಥೆಯನ್ನು ಶಾಂತಾಳಿಗೂ ಅಶ್ವಿನಿಗೂ ಹೇಳಿದೆ. ಕೇಳಿ ಶಾಂತಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅಶ್ವಿನಿ ತನ್ನ ಗಾಡಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, "ಅತ್ತೀ, ಕಲ್ಯಾಣಕ್ಕ ಹೋಗೂಣು. ಊಟದ ಹೊತ್ತಿಗೆ. ಹೇಳದಽ" ಎಂದಳು.

ಬರುವ ಬುಧವಾರ ಹೋಗುತ್ತೇವೆ. ಪರದೆಯ ಆಚೆ ಏನು ಕಾಣುತ್ತದೋ ಗೊತ್ತಿಲ್ಲ. ತಮ್ಮ ಬೇಡವೆಂದದ್ದನ್ನು ಅವನು ಹೋದ ಮೇಲೆ ಬೇಕೆನ್ನುವುದು ಸರಿಯೋ, ಅವನಿಗೆ ಬೇಕಾಗಿದ್ದದ್ದನ್ನೇ ನಾವು ಮಾಡುತ್ತಿದ್ದೇವೋ, ಅದೂ ಗೊತ್ತಿಲ್ಲ.

ಕೊನೆಯ ಸಲ ಅವನನ್ನು ಕಂಡದ್ದು ಒಂದು ಮಧ್ಯಾಹ್ನ. ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಅವನ ಮನೆಗೆ ಹೋದೆ. ಶಾಂತಾ ಸಂತೆಗೆ ಹೋಗಿದ್ದಳು. ಕಿಟಕಿಯಲ್ಲಿ ಇಣುಕಿದರೆ, ಟಿ.ವಿ. ಮೇಲೆ ಗುಲಾಬಿ ಆಕಾಶ, ಕಂದೀಲುಗಳು, ಬೆಟ್ಟ. ಹಾಡು ಮಾತ್ರ ಇಲ್ಲ. ಸಪ್ಪಳವನ್ನು ಪೂರಾ ಇಳಿಸಿ, ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ತಮ್ಮ ಮುಂದಕ್ಕೆ ಬಾಗಿ ಕೂತಿದ್ದ. ರಿಬ್ಬನ್ ಸುತ್ತಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಾಗಿನ ಮುಖ ಅದು. ಅಪ್ಪ ಇನ್ನೂ ಬಂದಿರದಿದ್ದಾಗಿನದು. ನಾನು ಸದ್ದಿಲ್ಲದೆ ಗೇಟಿನತನಕ ಹಿಂದೆ ಹೋಗಿ, ಚಿಲಕವನ್ನು ಜೋರಾಗಿ ಬಡಿದು, ಕೆಮ್ಮುತ್ತ ಮತ್ತೆ ಬಂದೆ. ಒಳಗೆ ಹೋಗುವ ಹೊತ್ತಿಗೆ ನ್ಯೂಸ್ ಚಾನೆಲ್ಲಿನಲ್ಲಿ ನಾಲ್ವರು ಒಬ್ಬರಿಗೊಬ್ಬರು ಚೀರುತ್ತಿದ್ದರು. ನಾನು ಹಾಗೆ ಮಾಡಿ ಅವನ ಮಾನ ಕಾಯ್ದೆನೋ, ಅವನ ಪಂಜರದ ಬಾಗಿಲು ಕಾಯ್ದೆನೋ, ಇವತ್ತಿಗೂ ತಿಳಿಯದು.

ಹೋಳಿಗೆ ಮುರಿಯುತ್ತ, ನನ್ನ ಕಡೆ ನೋಡದೆ, "ಆ ಕಲ್ಯಾಣದ ಹುಡುಗನ ಲಗ್ನ ಆತೇನು?" ಎಂದ.

"ಇಲ್ಲಂತ" ಎಂದೆ. ಅಶ್ವಿನಿ ಹೇಳಿದ್ದಳು, ಅವಳಿಗೆ ಹೇಗೆ ಗೊತ್ತೆಂದು ನಾನು ಕೇಳಿರಲಿಲ್ಲ.

"ಹೂಂ." ಚೀರುವವರತ್ತ ನೋಡಿದ. "ನೋಡೂಣು."

ನಾನು ಎದ್ದೆ. ಬಾಗಿಲತನಕ ಬಂದು, "ಬಿಸಲದ, ಸಾವಕಾಶ ಹೋಗು ಅಕ್ಕಾ" ಎಂದ. ಗೇಟಿನ ಹತ್ತಿರ ತಿರುಗಿ ನೋಡಿದೆ. ಆಗಲೇ ಕಿಟಕಿಯ ಪರದೆ ಎಳೆದಿದ್ದ. ಪರದೆಯ ಮೇಲೆ ಅವನ ತಲೆಯ ನೆರಳು, ಅದರ ಸುತ್ತ ಗುಲಾಬಿ ಬೆಳಕು ಬಂದು ಹೋಗಿ ಮಾಡುತ್ತಿತ್ತು. ಬಿಸಿಲಿನಲ್ಲಿ ನಿಂತು ಕಿವಿಗೊಟ್ಟೆ. ಒಳಗಿನಿಂದ ಟಿಣ್ ಎಂಬ ಸಪ್ಪಳ ಬರಲಿಲ್ಲ.