ಬೆಲ್ಲದ ಆಣೆ

1953ರ ಚಳಿಗಾಲ. ಬನಹಟ್ಟಿಯ ಸರಕಾರಿ ದವಾಖಾನೆಗೆ ನಾನು ವೈದ್ಯಾಧಿಕಾರಿಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾಗಿದ್ದವು. ಅದರ ಬೆನ್ನಿಗೇ ಪಾನನಿಷೇಧ ಕಾಯ್ದೆಯೂ ಬಂದಿತ್ತು. ಯಾರಾದರೂ ರಸ್ತೆಯಲ್ಲಿ ತೂರಾಡಿದರೆ ಸಾಕು, ಪೊಲೀಸರು ಹಿಡಿದು ತಂದು, ಕುಡಿದಿದ್ದಾನೆಂದು ಸರ್ಟಿಫಿಕೇಟ್ ಕೊಡಿ ಎಂದು ನನ್ನ ಮುಂದೆ ನಿಲ್ಲಿಸುತ್ತಿದ್ದರು. ಜನರ ಬಾಯಿ ಮೂಸಿ ನೋಡುವುದಕ್ಕೆ ಇಷ್ಟು ವರ್ಷ ಓದಬೇಕಾಗಿತ್ತೇ ಎಂದು ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ.

ಚಿಮ್ಮಡದ ಮಾಳಪ್ಪ ನನ್ನ ರೋಗಿ. ಸಂಸ್ಥಾನದ ಕಾಲದಲ್ಲಿ ಕುಸ್ತಿ ಹಿಡಿದು ಬೆಳ್ಳಿಯ ಕಡಗ ಗೆದ್ದ ಪೈಲ್ವಾನ. ತುಪ್ಪ ಬೆಲ್ಲ ಕಲಸಿ ಉಂಡು ಬೆಳೆದ ಮೈ. ಹೊಲದಲ್ಲೇ ಸ್ವಂತ ಬೆಲ್ಲದ ಗಾಣ. ಆ ಮೈಗೆ ಸಕ್ಕರೆ ಕಾಯಿಲೆ ಗಂಟುಬಿತ್ತು. ಕಾಲಿನ ಗಾಯ ಕೊಳೆಯಿತು. ಪುಣೆಯ ದೊಡ್ಡ ಡಾಕ್ಟರೊಬ್ಬರು ಹೇಗೋ ಕಾಲು ಉಳಿಸಿದರು. ಊರಿಗೆ ಕಳಿಸುವಾಗ ಅವನ ಹೆಂಡತಿ ಲಕ್ಕವ್ವನನ್ನು ಕರೆದು, ಇನ್ನು ಬೆಲ್ಲ ಇವನಿಗೆ ವಿಷ, ನೀನು ಕೊಟ್ಟರೆ ನೀನೇ ಕೊಂದ ಹಾಗೆ ಎಂದರಂತೆ. ಆಕೆ ಊರಿಗೆ ಬಂದವಳೇ ನೇರ ಬೀರೇಶ್ವರನ ಗುಡಿಗೆ ಹೋಗಿ, ದೇವರ ಭಂಡಾರ, ಅಂದರೆ ಅರಿಶಿನದ ಪುಡಿ, ಮುಟ್ಟಿ ಆಣೆ ಮಾಡಿದಳು: ಗಂಡನ ಬಾಯಿಗೆ ಬೆಲ್ಲ ಹೋಗಗೊಡುವುದಿಲ್ಲ. ಅಂದಿನಿಂದ ಆಕೆಯ ಹಣೆಯ ಮೇಲೆ ಕುಂಕುಮದ ಜಾಗದಲ್ಲೂ ಆ ಭಂಡಾರವೇ ಇರುತ್ತಿತ್ತು.

ಮಾಳಪ್ಪ ದಿನಾ ಬೆಳಿಗ್ಗೆ ಆ ಚಳಿಯಲ್ಲಿ ಕಂಬಳಿ ಹೊದ್ದು ಬನಹಟ್ಟಿಗೆ ನಡೆದು ಬಂದು, ಇನ್ಸುಲಿನ್ ಚುಚ್ಚಿಸಿಕೊಂಡು, ನಡೆದೇ ಹೋಗುತ್ತಿದ್ದ. ನಮಗಿದ್ದದ್ದು ಒಂದೇ ಪರೀಕ್ಷೆ, ಮೂತ್ರವನ್ನು ಬೆನೆಡಿಕ್ಟ್ ದ್ರಾವಣದಲ್ಲಿ ಕಾಯಿಸಿ ಬಣ್ಣ ನೋಡುವುದು. ಸಕ್ಕರೆ ಹೆಚ್ಚಿದ್ದರೆ ಇಟ್ಟಿಗೆ ಕೆಂಪು, ಇಲ್ಲದಿದ್ದರೆ ನೀಲಿ. ಅವನದು ನೀಲಿಗೆ ಬಂದಿತ್ತು. ಚಳಿಯೆಂದು ಮೂಲೆಯಲ್ಲಿ ಮುದುರಿ ಕೂರಬೇಡ, ಮೈ ಬೆವರಲಿ ಎಂದು ಹೇಳಿದ್ದೆ. ಸೂಜಿ ಚುಚ್ಚಿಸಿಕೊಂಡ ಮೇಲೆ ಉಣ್ಣದೆ ಇರಬೇಡ ಎಂದೂ ಹೇಳಿದ್ದೆ. ಮೊದಲನೆಯ ಮಾತು ಪೈಲ್ವಾನನಿಗೆ ಹಿತವಾಗಿ ಕೇಳಿಸಿತು, ಎರಡನೆಯದು ಕಿವಿಗೆ ಬೀಳಲೇ ಇಲ್ಲ.

ಒಂದು ದಿನ ಚುಚ್ಚಿಸಿಕೊಂಡು ಹೋದವನು ಮನೆಗೆ ಹೋಗಿ ರೊಟ್ಟಿ ತಿನ್ನಲಿಲ್ಲ. ಗಾಣದ ಎತ್ತೊಂದು ಕುಂಟುತ್ತಿತ್ತು. ಎತ್ತು ಬಿಚ್ಚಿಸಿ ತಾನೇ ನೊಗಕ್ಕೆ ಹೆಗಲು ಕೊಟ್ಟ. ಡಾಕ್ಟರು ಬೆವರು ಅಂದಾರ ಎಂದು ಆಳುಗಳ ಮುಂದೆ ಜಂಬ ಬೇರೆ. ಸುತ್ತಿ ಸುತ್ತಿ ಬಿಸಿಲೇರುವ ಹೊತ್ತಿಗೆ ಏನೇನೋ ತೊದಲತೊಡಗಿದನಂತೆ. ತಮ್ಮ ಕರೆಪ್ಪ ತೋಳು ಹಿಡಿದು ಆಚೆ ಎಳೆದ. ಮಾಳಪ್ಪ ಕಬ್ಬು ಕಡಿಯುವ ಕೊಯ್ತಾ ಎತ್ತಿ ತಮ್ಮನ ತೋಳಿಗೇ ಬೀಸಿದ. ಬಿಡಿಸಲು ಬಂದ ಹೆಂಡತಿಯ ಮುಖವನ್ನು ಗಾಣದ ಕಂಬಕ್ಕೆ ಅಪ್ಪಳಿಸಿದ. ಆಕೆಯ ಮುಂದಿನ ಹಲ್ಲು ಎರಡು ಉದುರಿದವು. ಆಗ ಆಳುಗಳೆಲ್ಲ ಅವನ ಮೇಲೆ ಬಿದ್ದರು.

ನನಗೆ ಬಂದ ಸುದ್ದಿ ಇಷ್ಟೇ: ಮಾಳಪ್ಪ ಕುಡಿದು ತಮ್ಮನನ್ನು ಕಡಿದಿದ್ದಾನೆ, ಬಂದು ಪಟ್ಟಿ ಕಟ್ಟಿ, ಕುಡಿದದ್ದಕ್ಕೆ ಸರ್ಟಿಫಿಕೇಟ್ ಬರೆಯಬೇಕು. ಸೈಕಲ್ ಹತ್ತಿದೆ.

ಕರೆಪ್ಪನ ತೋಳು ಎಲುಬು ಕಾಣುವಷ್ಟು ಸೀಳಿತ್ತು. ಆರಲು ಇಟ್ಟ ಬೆಲ್ಲದ ಅಚ್ಚುಗಳ ಮೇಲೆಲ್ಲ ರಕ್ತ. ಬಿಗಿಯಾಗಿ ಕಟ್ಟಿ ರಕ್ತ ನಿಲ್ಲಿಸಿ ತಲೆ ಎತ್ತಿದರೆ, ಮಾಳಪ್ಪನನ್ನು ಜಾಲಿಯ ಮರಕ್ಕೆ ಬಿಗಿದು ಬಾರುಕೋಲಿನಿಂದ ಬಾರಿಸುತ್ತಿದ್ದರು. ಒಬ್ಬ ದಣಿದರೆ ಇನ್ನೊಬ್ಬ. ಬೆನ್ನಿನ ಚರ್ಮ ಕಿತ್ತು ಬಂದಿತ್ತು. ಅವನು ಪ್ರಾಣಿಯ ಹಾಗೆ ಕೂಗುತ್ತ ಹಗ್ಗ ಜಗ್ಗುತ್ತಿದ್ದ. ಊರಿನ ಪೊಲೀಸ್ ಪಾಟೀಲ ಪಕ್ಕದಲ್ಲೇ ನಿಂತಿದ್ದ.

“ನಶಾ ಇನ್ನೂ ಇಳಿದಿಲ್ರಿ. ನೀವು ಬರದು ಕೊಡ್ರಿ, ಉಳಿದದ್ದು ನಾವು ನೋಡ್ಕೋತೇವಿ” ಎಂದ.

ಬಾಯಿ ಮೂಸಿದೆ. ಸೆರೆಯ ವಾಸನೆಯಿಲ್ಲ. ಮೈ ಮುಟ್ಟಿದೆ. ಎಲ್ಲರೂ ಕಂಬಳಿ ಹೊದ್ದ ಆ ಚಳಿಯಲ್ಲಿ ಇವನ ಮೈ ತಣ್ಣಗಿದ್ದು ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕೈ ಗಡಗಡ ನಡುಗುತ್ತಿತ್ತು. ಇದಕ್ಕೆ ಹೈಪೊಗ್ಲೈಸೀಮಿಯಾ ಎನ್ನುತ್ತೇವೆ: ಉಣ್ಣದ ಹೊಟ್ಟೆ, ಮೈಮುರಿಯುವ ದುಡಿತ, ಜೊತೆಗೆ ಇನ್ಸುಲಿನ್ ಸೇರಿ ರಕ್ತದ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಮಿದುಳು ಹಸಿದು ಹುಚ್ಚಾಗುತ್ತದೆ. ಆಮೇಲೆ ಫಿಟ್ಸ್, ಆಮೇಲೆ ಸಾವು.

ಬಾರುಕೋಲು ಕಸಿದುಕೊಂಡು ಹೊಡೆಯುತ್ತಿದ್ದವನಿಗೇ ಎರಡು ಬಿಗಿದೆ. ಸರಕಾರಿ ಡಾಕ್ಟರು ಹಾಗೆ ಮಾಡಬಾರದು. ನನಗೆ ಇಂದಿಗೂ ಅದರ ಬಗ್ಗೆ ಬೇಸರವಿಲ್ಲ.

ಗ್ಲೂಕೋಸ್ ಸಿರಿಂಜಿಗೆ ತುಂಬಿ ನರಕ್ಕೆ ಚುಚ್ಚಿದೆ. ಅವನು ತೋಳು ಜಾಡಿಸಿದ. ಸೂಜಿ ಮುರಿದು, ತಂದಿದ್ದ ಒಂದೇ ಸಿರಿಂಜು ಕಲ್ಲಿನ ಮೇಲೆ ಬಿದ್ದು ಪುಡಿಯಾಯಿತು. ಬೆಲ್ಲ ತನ್ನಿ ಎಂದು ಕೂಗಿದೆ. ಸುತ್ತಲೂ ಬೆಲ್ಲದ ರಾಶಿ, ಒಬ್ಬನೂ ಕದಲಲಿಲ್ಲ. ಬಾಯಿಂದ ರಕ್ತ ಸುರಿಯುತ್ತಿದ್ದ ಲಕ್ಕವ್ವ ಎರಡೂ ಕೈ ಚಾಚಿ ಅಚ್ಚುಗಳಿಗೆ ಅಡ್ಡ ನಿಂತಳು.

“ಬ್ಯಾಡ್ರಿ ಸಾಹೇಬ್ರ. ಭಂಡಾರ ಮುಟ್ಟೇನಿ. ಬೆಲ್ಲ ತಿಂದ್ರ ಇವ್ರು ಉಳಿಯೂದಿಲ್ಲ.”

ಆಕೆಯನ್ನು ದಾಟಿ, ಗಾಣದಿಂದ ಸೋರುತ್ತಿದ್ದ ಕಬ್ಬಿನ ಹಾಲನ್ನು ಚರಿಗೆಯಲ್ಲಿ ಹಿಡಿದು ನಾನೇ ಅವನ ಬಾಯಿಗೆ ಹಿಡಿದೆ. ಹಣೆಯಿಂದ ಗುದ್ದಿ ಚರಿಗೆ ಹಾರಿಸಿದ. ಬೆರಳು ತೂರಿಸಿದರೆ ಕಚ್ಚಿ ಎಲುಬು ಮುಟ್ಟಿಸಿದ; ಆ ಗಾಯದ ಗುರುತು ಈಗಲೂ ಇದೆ. ಡಾಕ್ಟರು ವಿಷ ಹಾಕುತ್ತಿದ್ದಾರೆ ಎಂದು ಯಾರೋ ಕೂಗಿದರು. ಕೊರಳಪಟ್ಟಿ ಹಿಡಿದು ನನ್ನನ್ನು ನೆಲಕ್ಕೆ ಕೆಡವಿದರು, ಪಕ್ಕೆಗೆ ಒದೆ ಬಿತ್ತು. ಬಿದ್ದಲ್ಲಿಂದಲೇ ಲಕ್ಕವ್ವನಿಗೆ ಹೇಳಿದೆ:

“ಅವತ್ತ ವಿಷ ಆಗಿದ್ದು ಇವತ್ತ ಔಷಧ ಐತಿ, ಲಕ್ಕವ್ವ. ಸೂಜಿ ಅವನ ಮೈಯಾಗಿನ ಸಕ್ರಿ ಎಲ್ಲಾ ತಿಂದೈತಿ. ಕೊಡದಿದ್ರ ನಿನ್ನ ಕಣ್ಣ ಮುಂದ ಸಾಯ್ತಾನ. ನನ್ನ ಕೈಲೆ ಕುಡಿಯಾಂಗಿಲ್ಲ ಅಂವಾ.”

ಆಕೆ ಗಂಡನ ಕಡೆ ನೋಡಿದಳು. ಅವನ ಕೂಗು ನಿಂತು ಕುತ್ತಿಗೆ ಜೋಲತೊಡಗಿತ್ತು. ಸೆರಗಿನ ತುದಿ ಎತ್ತಿ ಹಣೆಯ ಭಂಡಾರವನ್ನು ಒಂದೇ ಸಲಕ್ಕೆ ಒರೆಸಿಬಿಟ್ಟಳು. ಗಂಡ ಸತ್ತ ದಿನ ಒರೆಸುವ ಹಣೆ ಅದು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನನ್ನನ್ನು ಒದೆಯುತ್ತಿದ್ದವರು ಹಿಂದೆ ಸರಿದರು.

“ಆಣಿ ಮುರದ ಪಾಪ ನನಗ ಇರ್ಲಿ” ಎಂದಳು.

ಕಬ್ಬಿನ ಹಾಲಿಗೆ ಬೆಲ್ಲ ಕಿವುಚಿ, ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದು ಒಂದೊಂದೇ ಗುಟುಕು ಹಾಕಿದಳು. ಮೊದಲನೆಯದನ್ನು ಅವಳ ಮುಖಕ್ಕೇ ಉಗುಳಿದ. ಎರಡನೆಯದು ಒಳಗೆ ಹೋಯಿತು. ಚರಿಗೆ ಖಾಲಿಯಾದ ಸ್ವಲ್ಪ ಹೊತ್ತಿಗೆ ಬೆವರು ನಿಂತಿತು, ಕಣ್ಣು ನೆಲೆಗೊಂಡಿತು. ಹಗ್ಗ ಬಿಚ್ಚಿಸಿದೆ. ಅವನು ಹೆಂಡತಿಯ ಮುಖವನ್ನೇ ದಿಟ್ಟಿಸಿದ. ಒಡೆದ ಬಾಯಿ ಅವನಿಗೆ ಕಾಣಲಿಲ್ಲ.

“ಲಕ್ಕಿ, ಹಣಿ ಯಾಕ ಬೋಳ ಐತಿ? ನಾ ಸತ್ತೇನೇನ?”

ಅಷ್ಟು ಹೊತ್ತು ಅಳದವಳು ಆಗ ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು. ನನಗೂ ಕಣ್ಣು ತುಂಬಿ ಬಂತು.

ಪಾಟೀಲನಿಗೆ ಸರ್ಟಿಫಿಕೇಟ್ ಕೊಟ್ಟೆ, ಆದರೆ ಅವನು ಕೇಳಿದ್ದನ್ನಲ್ಲ. ಹೊಲಿಗೆ ಹಾಕಿಸಿಕೊಂಡ ಕರೆಪ್ಪ, ಕೊಯ್ತಾ ತಾನೇ ಜಾರಿತು ಎಂದು ಫೌಜದಾರರ ಮುಂದೆ ಹೇಳಿ ಪ್ರಕರಣ ಮುಗಿಸಿದ. ಆ ಕೈಯ ಮೂರು ಬೆರಳು ಅವನಿಗೆ ಮುಂದೆಂದೂ ಮಡಚಲು ಬರಲಿಲ್ಲ.

ಅಲ್ಲಿಂದ ಮುಂದೆ ಸಕ್ಕರೆ ಬಿಡು, ಚಳಿಯಲ್ಲೂ ನಡೆ ಎಂದು ಯಾರಿಗೆ ಹೇಳಿದರೂ, ಮನೆಯವರನ್ನು ಎದುರಿಗೆ ಕೂರಿಸಿಕೊಂಡು, ಸಕ್ಕರೆ ಕೊಡಲೇಬೇಕಾದ ಹೊತ್ತು ಯಾವುದೆಂಬುದನ್ನೂ ಅವರ ಬಾಯಿಂದಲೇ ಹೇಳಿಸದೆ ಬಿಟ್ಟವನಲ್ಲ. ಈ ನೌಕರಿ ನನಗೆ ಕಲಿಸಿದ್ದು ಅದು. ರೋಗಿ ಮರೆತಾನು, ಮನೆಯವರು ಮರೆಯುವುದಿಲ್ಲ.

ಬೆನ್ನು ಮಾಯ್ದ ಮೇಲೆ ಮಾಳಪ್ಪ ಮತ್ತೆ ಬೆಳಗಿನ ಚಳಿಯಲ್ಲಿ ನಡೆದು ಬಂದ. ನಾನು ಕೇಳುವ ಮೊದಲೇ ಧೋತರದ ಗಂಟು ಬಿಚ್ಚಿ ತೋರಿಸಿದ. ಒಂದು ತುಂಡು ಬೆಲ್ಲ, ಮೇಲೆಲ್ಲ ಭಂಡಾರ ಮೆತ್ತಿ ಹಳದಿಯಾಗಿತ್ತು.

“ಆಕಿ ಮತ್ತ ಗುಡಿಗೆ ಹೋಗಿ ಬಂದಾಳ್ರಿ” ಎಂದ. “ಈಗ ಇದರ ಮ್ಯಾಲ ಆಣಿ ಐತಿ. ಇದಿಲ್ದ ನನ್ನ ಹೊಸ್ತಿಲಾ ದಾಟಗೊಡೂದಿಲ್ಲ.”