ಮಗಳ ಪ್ರಬಂಧಕ್ಕೆ ನಾನು ಹೇಳಿದ ಸುಳ್ಳು

ನನಗೆ ಓದುಬರಹ ಅಷ್ಟಕ್ಕಷ್ಟೆ. ಮಗಳ ಪಾಟಿಯ ಮೇಲೆ ಅವಳ ಜೊತೆ ಕಲಿತ ಅಕ್ಷರಗಳಲ್ಲೇ ಇದನ್ನು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಾನು ನಿಪ್ಪಾಣಿಯಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದವಳು. ತವರು ಕರೋಶಿ. ಗಂಡ ಬೇಗ ಸತ್ತ. ಇದ್ದವಳು ಒಬ್ಬಳೇ ಮಗಳು. ಆರು ವರ್ಷದವಳಿದ್ದಾಗ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬೀಡಿಯ ಬಾಯಿ ಮಡಚಲು ಹಚ್ಚಿದೆ. ಸಣ್ಣ ಬೆರಳಿಗೆ ಆ ಕೆಲಸ ಬೇಗ ಒಗ್ಗುತ್ತದೆ. ಎಂಟಕ್ಕೆ ಪೂರ್ತಿ ಬೀಡಿ ಕಟ್ಟುತ್ತಿದ್ದಳು. ಅಳುತ್ತಿದ್ದಳೇ ಎಂದು ಕೇಳಿದರೆ, ಹೌದು, ಅಳುತ್ತಿದ್ದಳು. ಅತ್ತರೂ ಕಟ್ಟುತ್ತಿದ್ದಳು.

ಓಣಿಯ ಎಲ್ಲ ಮನೆಯಲ್ಲೂ ಇದೇ ಇತ್ತು. ಕಾರ್ಡು ತಾಯಿಯ ಹೆಸರಿನದು, ಕೈ ಮಕ್ಕಳದು. ಕಾರ್ಡು ಇದ್ದವಳಿಗೆ ಕಾರ್ಖಾನೆಯವರು ಎಲೆ, ತಂಬಾಕು ಕೊಡುತ್ತಿದ್ದರು. ಮಕ್ಕಳ ಕೈಯಲ್ಲಿ ಎಲೆ ಸಿಕ್ಕಿತೋ, ಕಾರ್ಡು ಹೋಯಿತು. ಅದಕ್ಕೇ ನಾವೊಂದು ಪದ್ಧತಿ ಮಾಡಿಕೊಂಡಿದ್ದೆವು. ತಪಾಸಣೆಗೆಂದು ಕಾಗದ ಹಿಡಿದವರು ಯಾರಾದರೂ ಓಣಿಗೆ ಬಂದರೆ, ಮೊದಲು ಕಂಡವಳು ಖಾಲಿ ಕೊಡ ಬಡಿಯಬೇಕು. ಕೊಡದ ಸದ್ದು ಕೇಳಿದ ಕೂಡಲೇ ಮಕ್ಕಳು ಎಲೆ, ತಂಬಾಕು ಇಟ್ಟ ತಮ್ಮ ತಮ್ಮ ಮೊರ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಓಡಬೇಕು. ಬಂದವರು ಏನೇ ಕೇಳಲಿ, ನಮ್ಮದು ಒಂದೇ ಉತ್ತರ: ಹುಡುಗರು ಸಾಲಿಗೆ ಹೋಗ್ಯಾವ್ರಿ.

ಮಗಳು ಹಾಗೇ ಓಡುತ್ತ ಓಡುತ್ತ ಶಾಲೆಯನ್ನೂ ಮುಗಿಸಿದಳು. ಚಿಕ್ಕೋಡಿಗೆ ಬಸ್ಸಿನಲ್ಲಿ ಹೋಗಿ ಬಂದು ಡಿಗ್ರಿ ಮಾಡಿದಳು. ಆಮೇಲೆ ಇನ್ನೂ ಕಲಿಯುತ್ತೇನೆಂದು ದೊಡ್ಡ ಊರಿಗೆ ಹೋದಳು. ಇದು ತೊಂಬತ್ತನೇ ಇಸವಿ ದಾಟಿದ ಮೇಲಿನ ಮಾತು. ಮೊದಲ ಸಲ ರಜೆಗೆ ಬಂದಾಗ ಕೇಳಿದೆ.

"ಏನ್ ಕಲಿಸ್ತಾರ ಬೇ ಅಲ್ಲಿ?"

"ಎರಡು ಅದಾವವ್ವ. ಒಂದು ಮಾನವ ಹಕ್ಕು. ಇನ್ನೊಂದು ರಾಜತಂತ್ರ."

"ಹಂಗಂದ್ರ?"

"ಎದುರಿನಾಂವಗ ಸಿಟ್ಟು ಬರಲಾರದಂಗ ಮಾತಾಡಿ ನಮ್ಮ ಕೆಲಸ ಮಾಡ್ಕೊಳ್ಳೂದು. ದೇಶ ದೇಶದವರು ಕುಂತು ಮಾಡ್ತಾರ."

"ಅದಕ್ಕ ಅಷ್ಟು ದೂರ ಯಾಕ ಹ್ವಾದಿ? ದಿನಾ ಸಂಜಿಕ ಮುಕಾದಮನ ಮುಂದ ನಾ ಏನ್ ಮಾಡ್ತೀನಂತ ತಿಳದಿ?"

ಮುಕಾದಮ ಎಂದರೆ ಕಾರ್ಖಾನೆಯ ಮನುಷ್ಯ. ಕಟ್ಟಿದ ಬೀಡಿ ಎಣಿಸಿಕೊಳ್ಳುವವನು, ಸರಿಯಿಲ್ಲವೆಂದು ಮುರಿದು ಎಸೆಯುವವನು. ಮಗಳು ನಕ್ಕಳು. ಮಾನವ ಹಕ್ಕು ಎಂದರೇನು ಎಂದು ಮಾತ್ರ ನಾನು ಕೇಳಲಿಲ್ಲ.

ಎರಡನೆಯ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ಬೀಡಿ ಕಟ್ಟುವ ಮಕ್ಕಳ ಮೇಲೆ ಬರೆದಳು. ಅದರಲ್ಲಿ ತನ್ನದನ್ನೇ ಬರೆದಿದ್ದಳು: ನನ್ನ ತಾಯಿ ಆರು ವರ್ಷಕ್ಕೆ ನನ್ನನ್ನು ಈ ಕೆಲಸಕ್ಕೆ ಹಚ್ಚಿದಳು ಎಂದು. ಅಲ್ಲಿಯವರು ನಂಬಲಿಲ್ಲ. ಇಷ್ಟು ಓದಿದ ಹುಡುಗಿ ಬೀಡಿ ಕಟ್ಟಿದ್ದಾಳೆಯೇ, ಯಾರೋ ಹೇಳಿದ್ದನ್ನು ತನ್ನದೆಂದು ಬರೆದಿದ್ದಾಳೆ ಎಂದರಂತೆ. ಅವಳ ಗುರುಗಳೇ ನೋಡಲು ಬರುವುದೆಂದಾಯಿತು. ಸುಳ್ಳೆಂದು ಬರೆದುಕೊಂಡು ಹೋದರೆ ಪ್ರಬಂಧವೂ ಇಲ್ಲ, ಪದವಿಯೂ ಇಲ್ಲ.

ಹಿಂದಿನ ದಿನವೇ ಬಂದು ಮಗಳು ನನ್ನ ಮುಂದೆ ಕುಳಿತಳು.

"ಅವ್ವ, ಇದ್ದದ್ದು ಇದ್ದಂಗ ಹೇಳು. ಅಷ್ಟ ಸಾಕು."

"ಕಾರ್ಡ್ ಹೋದ್ರ?"

ಅದಕ್ಕೆ ಉತ್ತರ ಅವಳ ಪುಸ್ತಕದಲ್ಲೂ ಇದ್ದಿರಲಿಕ್ಕಿಲ್ಲ. ಹೇಳುತ್ತೇನೆ ಎಂದೆ.

ಮರುದಿನ ಹೊತ್ತೇರಿದ ಮೇಲೆ ಗುರುಗಳು ಓಣಿಗೆ ಬಂದರು. ಕೈಯಲ್ಲಿ ಫೈಲು. ಫೈಲು ಕಂಡದ್ದೇ ತಡ, ಎದುರು ಮನೆಯವಳು ಢಣ್ ಢಣ್ ಎಂದು ಕೊಡ ಬಡಿದಳು. ಓಣಿಯ ಹಿತ್ತಲ ಬಾಗಿಲೆಲ್ಲ ತೆರೆದವು. ಹೊಸಬರು ಬಂದದ್ದು ಕೇಳಿ ಮುಕಾದಮನೂ ಬಂದು ನಮ್ಮ ಹೊಸ್ತಿಲ ಹೊರಗೆ ನಿಂತ.

ಗುರುಗಳು ತಮ್ಮ ಊರ ಕಡೆಯ ಕನ್ನಡದಲ್ಲಿ ಮೆಲ್ಲಗೆ ಕೇಳಿದರು. "ಅಮ್ಮಾ, ನಿಮ್ಮ ಮಗಳು ಚಿಕ್ಕವಳಿದ್ದಾಗ ಬೀಡಿ ಕಟ್ಟುತ್ತಿದ್ದಳೇ?"

"ಛೇ ಛೇ, ಇಲ್ರಿ ಸಾಹೇಬ್ರ. ನಮ್ಮ ಮನ್ಯಾಗ ಹುಡುಗರು ಎಲಿ ಮುಟ್ಟಂಗಿಲ್ರಿ. ಸಾಲಿಗೆ ಹೋಗ್ಯಾವ್ರಿ."

ಸಾಲಿಗೆ ಹೋದವಳು ನನ್ನ ಎದುರೇ ನಿಂತಿದ್ದಳು. ಕೊಡದ ಸದ್ದು ಕೇಳಿ ಬಾಯಿಗೆ ಬಂದುಬಿಟ್ಟಿತು ಎಂದು ಆಮೇಲೆ ಅವಳಿಗೆ ಹೇಳಿದೆ. ಅದು ಅರ್ಧ ನಿಜ. ಉಳಿದರ್ಧ ಅಂಜಿಕೆ. ಮುಕಾದಮನ ಚಪ್ಪಲಿ ನನಗೆ ಕಾಣುತ್ತಿತ್ತು.

ಮಗಳು ಗೋಡೆ ಹಿಡಿದು ನಿಂತಳು. ಗುರುಗಳು ಒಂದು ಸಾಲು ಬರೆದುಕೊಂಡರು. ಫೈಲು ಮುಚ್ಚಿದರು. ಚಹಾ ಬೇಡವೆಂದು ಎದ್ದರು. ಅವಳು ಮಾತಾಡಿದ್ದರೆ, ನನ್ನನ್ನು ಬೈದಿದ್ದರೆ, ನಾನೂ ಜಗಳ ಮಾಡಿ ಸುಮ್ಮನಾಗುತ್ತಿದ್ದೆ. ಅವಳು ಬಾಗಿ ಗುರುಗಳ ಚಪ್ಪಲಿ ಸರಿಮಾಡಿ ಇಟ್ಟಳು. ಅದನ್ನು ನನಗೆ ತಡೆಯಲಾಗಲಿಲ್ಲ.

"ಏ, ಬಾ ಇಲ್ಲಿ. ಕೂಡು."

ನನ್ನ ಮೊರ ತೆಗೆದು ಅವಳ ತೊಡೆಯ ಮೇಲಿಟ್ಟೆ. ಒದ್ದೆ ಬಟ್ಟೆಯಲ್ಲಿ ಕತ್ತರಿಸಿಟ್ಟ ಎಲೆ ಇತ್ತು.

"ಕಟ್ಟು."

"ಅವ್ವ, ಬ್ಯಾಡ."

"ಕಟ್ಟಂದ್ರ ಕಟ್ಟು."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಮೊರದ ಕಡೆ ಒಂದು ಸಲವೂ ಇಲ್ಲ. ಬೆರಳು ತಾವೇ ನಡೆದವು. ಎಲೆ, ತಂಬಾಕು, ಸುತ್ತು, ಬಾಯಿ ಮಡಚು, ದಾರ. ಒಂದು ಬಿತ್ತು. ಮತ್ತೊಂದು. ಮೂರನೆಯದು. ಕಣ್ಣಲ್ಲಿ ನೀರು ಬಂದಿತ್ತು, ಕೈ ನಿಲ್ಲಲಿಲ್ಲ. ಆರು ವರ್ಷದವಳಿದ್ದಾಗ ಹೇಗೋ ಹಾಗೆಯೇ.

"ಈಗ ನೀವೊಂದು ಕಟ್ರಿ ಸಾಹೇಬ್ರ," ಎಂದೆ.

ಅವರು ಕುಳಿತು ಕಟ್ಟಲು ನೋಡಿದರು. ಎಲೆ ಹರಿಯಿತು. ಇನ್ನೊಂದು ತೆಗೆದುಕೊಂಡರು, ಅದೂ ಹರಿಯಿತು. ಬಾಗಿಲಿಗೆ ಬಂದಿದ್ದ ಎದುರು ಮನೆಯವಳು ಕಿಸಕ್ಕೆಂದಳು. "ಸಾಕ್ ಬಿಡ್ರಿ, ಎಲಿ ಎಲ್ಲಾ ಹಾಳ ಮಾಡ್ತಾರ ಇವರು!"

ನಾನು ಗುರುಗಳಿಗೆ ಹೇಳಿದೆ: "ದೊಡ್ಡವರಾಗಿ ಕಲಿತ ಕೈ ನೋಡಿ ಕಟ್ಟತೈತ್ರಿ. ಸಣ್ಣವರಿದ್ದಾಗ ಕಲಿತ ಕೈಗೆ ಕಣ್ಣು ಬೇಕಾಗಂಗಿಲ್ಲ. ಆಗಳೆ ಹೇಳಿದ್ದು ಸುಳ್ರಿ. ಆರು ವರ್ಷದಾಕಿನ್ನ ನಾನಽ ಹಚ್ಚೀನಿ. ಹಂಗಂತ ಬರಕೋರಿ."

ಅವರು ಮತ್ತೆ ಫೈಲು ತೆಗೆದರು. ಮೊದಲಿನ ಸಾಲು ಹೊಡೆದುಹಾಕಿದರು. ನನ್ನ ಸಹಿ ಕೇಳಿದರು. ಹೆಬ್ಬೆಟ್ಟಲ್ಲ, ಸಹಿಯನ್ನೇ ಮಾಡಿದೆ.

ಅವರು ಓಣಿ ದಾಟಿದ ಮೇಲೆ ಮುಕಾದಮ ಒಳಗೆ ಮುಖ ಹಾಕಿದ. "ಮಾವಶಿ, ಸಂಜಿಕ ಕಾರ್ಡ್ ತಗೊಂಡು ಬಾ."

"ಸಂಜಿ ತನಕ ಯಾಕ? ತಗೋ."

ಗೂಡಿನಿಂದ ತೆಗೆದು ಕೊಟ್ಟೆ. ಬೇಡಿಕೊಂಡಿದ್ದರೆ ಉಳಿಯುತ್ತಿತ್ತೇನೋ. ಬೇಡಿಕೊಳ್ಳಲಿಲ್ಲ.

ಮಗಳು ಪಾಸಾದಳು. ಮಾನವ ಹಕ್ಕು ಎಂದರೇನೆಂದು ಆ ಮೇಲೆ ಅವಳೇ ಹೇಳಿದಳು. ಕೇಳಿಸಿಕೊಂಡೆ, ಸಿಟ್ಟೂ ಬಂತು. ಹೊಟ್ಟೆಗಿಲ್ಲದಾಗ ನಾನೇನು ಮಾಡಬೇಕಿತ್ತು ಎಂದೆ. ಅವಳು ಜಗಳ ಬೆಳೆಸಲಿಲ್ಲ. ಎರಡನೆಯ ಪಾಠವನ್ನೂ, ಆ ರಾಜತಂತ್ರವನ್ನೂ, ಚೆನ್ನಾಗಿಯೇ ಕಲಿತಿದ್ದಳು.

ಅವಳಿಗೆ ಕೆಲಸ ಸಿಗುವವರೆಗೆ ಎರಡು ವರ್ಷ ನಾನು ಎದುರು ಮನೆಯಲ್ಲಿ ಕುಳಿತು ಕಟ್ಟಿದೆ. ಕಾರ್ಡು ಆ ಮನೆಯವಳದು, ಕೈ ನನ್ನದು. ಕೊಡ ಬಡಿದರೆ ಓಣಿಯ ಮಕ್ಕಳ ಜೊತೆ ನಾನೂ ಮೊರ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಓಡುತ್ತಿದ್ದೆ. ಮಕ್ಕಳೇ ಮುಂದೆ ಇರುತ್ತಿದ್ದವು. ನನ್ನ ಮೊಣಕಾಲು ಆಗಲೇ ಹಿಡಿದುಕೊಂಡಿತ್ತು.